ಅವನು ತಿರುಗಿ ನೋಡಿದ, ಸರಿ. ಅವಳು ಏನಂದಳು?

ಗ್ರೀಕ್ ಪುರಾಣದ ಆರ್ಫಿಯಸ್‌ನ ಕಥೆ ಚಿಕ್ಕದು. ಥ್ರೇಸ್ ಸೀಮೆಯ ಹಾಡುಗಾರ. ಮದುವೆಯಾದ ಹೊಸದರಲ್ಲೇ ಹೆಂಡತಿ ಯೂರಿಡಿಸಿಗೆ ಹಾವು ಕಚ್ಚಿ ಸಾಯುತ್ತಾಳೆ. ಇವನು ಲೈರ್ ಎಂಬ ತಂತಿವಾದ್ಯ ಹಿಡಿದು ಸತ್ತವರ ಲೋಕಕ್ಕೇ ಇಳಿದು, ಹಾಡಿ, ಅಲ್ಲಿನ ದೊರೆಯ ಮನಸ್ಸು ಕರಗಿಸಿ ಅವಳನ್ನು ಕರೆದುಕೊಂಡು ಹೊರಡುತ್ತಾನೆ. ಒಂದೇ ಷರತ್ತು: ಮೇಲೆ ಬೆಳಕಿಗೆ ಬರುವವರೆಗೆ ಹಿಂದೆ ತಿರುಗಿ ನೋಡಬಾರದು. ಇನ್ನೇನು ಬಂದೇಬಿಟ್ಟೆವು ಅನ್ನುವಾಗ ನೋಡಿಬಿಡುತ್ತಾನೆ. ಅವಳು ಹೋಗಿಬಿಡುತ್ತಾಳೆ.

ತಮಾಷೆ ಅಂದ್ರೆ, ಇಡೀ ಕಥೆಯ ಜೀವವೇ ಅದು ಎಂದು ನಾವು ಅಂದುಕೊಂಡಿರುವ ಆ ತಿರುಗಿ ನೋಡುವ ಗಳಿಗೆಯೇ ಹಳೇ ಗ್ರೀಕರ ಬರಹದಲ್ಲಿ ಸಿಗುವುದು ಕಷ್ಟ. ಕ್ರಿ.ಪೂ. 438ರಲ್ಲಿ ಅಥೆನ್ಸ್‌ನಲ್ಲಿ ಆಡಿದ ಯೂರಿಪಿಡಿಸ್‌ನ 'ಅಲ್ಸೆಸ್ಟಿಸ್' ನಾಟಕದಲ್ಲಿ ಸಾಯುತ್ತಿರುವ ಹೆಂಡತಿಗೆ ಗಂಡ ಹೇಳುತ್ತಾನೆ, ನನಗೂ ಆರ್ಫಿಯಸ್‌ನ ಕಂಠ ಇದ್ದಿದ್ದರೆ ಕೆಳಗಿಳಿದು ನಿನ್ನನ್ನು ಕರೆತರುತ್ತಿದ್ದೆ ಅಂತ. ಸೋತವನ ಹೆಸರನ್ನು ಯಾರಾದರೂ ಹೀಗೆ ತೆಗೆಯುತ್ತಾರಾ? ಆಗ ಆರ್ಫಿಯಸ್ ಗೆದ್ದು ಬಂದ ಕಥೆಯೂ ಓಡಾಡುತ್ತಿತ್ತು ಎಂದು ಅನೇಕ ವಿದ್ವಾಂಸರು ಊಹಿಸುವುದು ಇದಕ್ಕೇ.

ಪ್ಲೇಟೊ ಅಂತೂ ಕರುಣೆಯನ್ನೇ ತೋರಿಸುವುದಿಲ್ಲ. ಅವನ 'ಸಿಂಪೋಸಿಯಂ'ನಲ್ಲಿ ಒಬ್ಬ ಮಾತುಗಾರ ಹೇಳುವಂತೆ, ದೇವತೆಗಳು ಆರ್ಫಿಯಸ್‌ಗೆ ತೋರಿಸಿದ್ದು ಹೆಂಡತಿಯ ನೆರಳನ್ನು ಮಾತ್ರ. ಯಾಕಂದ್ರೆ ಅವನು ಲೈರ್ ಬಾರಿಸುವ ಮೆದು ಆಸಾಮಿ, ಪ್ರೀತಿಗಾಗಿ ಸಾಯುವ ಧೈರ್ಯ ಇಲ್ಲದೆ ಜೀವಂತವಾಗಿಯೇ ಒಳಗೆ ನುಗ್ಗುವ ಉಪಾಯ ಹುಡುಕಿದವನು. ಇದನ್ನು ಓದುವಾಗ ನನಗೆ ಮಹಾಭಾರತದ ರುರು ನೆನಪಾಗುತ್ತಾನೆ. ಅಲ್ಲೂ ಹಾವೇ ಕಚ್ಚುವುದು, ಮದುವೆ ಗೊತ್ತಾಗಿದ್ದ ಪ್ರಮದ್ವರೆ ಸಾಯುತ್ತಾಳೆ. ರುರು ತನ್ನ ಆಯುಸ್ಸಿನಲ್ಲಿ ಅರ್ಧ ಕೊಟ್ಟು ಅವಳನ್ನು ಬದುಕಿಸಿಕೊಳ್ಳುತ್ತಾನೆ. ಪ್ಲೇಟೊಗೆ ಬೇಕಿದ್ದ ಪ್ರೇಮಿ ಬಹುಶಃ ಇವನೇ. ಆದರೆ ರುರು ಪೂರ್ತಿ ಲೆಕ್ಕ ಚುಕ್ತಾ ಮಾಡಿಬಿಟ್ಟ, ಕವಿಗಳಿಗೆ ಏನೂ ಉಳಿಸಲಿಲ್ಲ.

ಯೂರಿಪಿಡಿಸ್, ಪ್ಲೇಟೊ ಈ ಇಬ್ಬರು ಗ್ರೀಕರೂ ಆರ್ಫಿಯಸ್‌ನ ಹೆಂಡತಿಯ ಹೆಸರನ್ನೇ ಹೇಳುವುದಿಲ್ಲ ಅನ್ನೋದನ್ನೂ ಗಮನಿಸಿ. ಹರ್ಮೆಸಿಯಾನಾಕ್ಸ್ ಎಂಬ ಕವಿ ಅವಳನ್ನು ಅಗ್ರಿಯೋಪೆ ಎನ್ನುತ್ತಾನೆ. ಯೂರಿಡಿಸಿ ಎಂಬ ಹೆಸರು ಗಟ್ಟಿಯಾಗಿ ನಿಂತಿದ್ದು ಆಮೇಲೆ.

ಇವತ್ತು ನಮಗೆ ಗೊತ್ತಿರುವ ಕಥೆ ರೋಮ್‌ನ ವರ್ಜಿಲ್‌ನದು. ಅದೂ ಎಲ್ಲಿ? ಬೇಸಾಯದ ಬಗ್ಗೆ ಬರೆದ ಕಾವ್ಯದಲ್ಲಿ! ಕ್ರಿ.ಪೂ. 29ರ ಹೊತ್ತಿಗೆ ಮುಗಿದ 'ಜಾರ್ಜಿಕ್ಸ್'ನಲ್ಲಿ ನಾಲ್ಕು ಭಾಗ: ಪೈರು, ಮರ ಮತ್ತು ದ್ರಾಕ್ಷಿ, ದನಕರು, ಜೇನು. ನಾಲ್ಕನೆಯದರಲ್ಲಿ ಅರಿಸ್ಟೀಯಸ್ ಎಂಬವನ ಜೇನುಹುಳುಗಳೆಲ್ಲ ಸಾಯುತ್ತವೆ. ಯಾಕೆಂದು ಕೇಳಿದರೆ ಉತ್ತರವಾಗಿ ಈ ಕಥೆ ಬರುತ್ತದೆ: ನೀನು ಅಟ್ಟಿಸಿಕೊಂಡು ಹೋದಾಗಲೇ ಯೂರಿಡಿಸಿ ಹೊಳೆದಂಡೆಯಲ್ಲಿ ಓಡುತ್ತಾ ಹುಲ್ಲಿನೊಳಗಿದ್ದ ಹಾವನ್ನು ನೋಡದೆ ಹೋದಳು, ಇದು ಅದರ ಶಾಪ. ಇಡೀ ಪ್ರೇಮಕಥೆ ಸುಮಾರು 75 ಸಾಲು, ಅಷ್ಟೇ.

ಆ ಸಾಲುಗಳ ನಡಿಗೆ ಕನ್ನಡದವರಿಗೆ ಅಪರಿಚಿತ ಅಲ್ಲವೇ ಅಲ್ಲ. ಅವುಗಳ ಛಂದಸ್ಸು ಹೆಕ್ಸಾಮೀಟರ್, ಅಂದ್ರೆ ಒಂದು ಸಾಲಿಗೆ ಆರು ಗಣ. ಪ್ರತಿ ಗಣವೂ ಒಂದು ಗುರು ಎರಡು ಲಘು, ಇಲ್ಲವೇ ಎರಡು ಗುರು. ಲೆಕ್ಕ ಹಾಕಿ, ನಾಲ್ಕು ಮಾತ್ರೆ. ಕಂದಪದ್ಯದ ಗಣದ ಅಳತೆಯೂ ಅದೇ ಅಲ್ವಾ? ಅವರಲ್ಲಿ ಸಾಲು ಉದ್ದ, ಪ್ರಾಸ ಇಲ್ಲ.

ವರ್ಜಿಲ್ ಆರ್ಫಿಯಸ್‌ನ ಹಾಡಿನ ಒಂದು ಶಬ್ದವನ್ನೂ ಕೇಳಿಸುವುದಿಲ್ಲ. ಹಾಡು ಕೇಳಿ ನೆರಳುಗಳು ಹಕ್ಕಿಗಳ ಹಾಗೆ ಮುತ್ತಿಕೊಂಡವು ಎಂದು ಮಾತ್ರ ಹೇಳುತ್ತಾನೆ. ಆರ್ಫಿಯಸ್ ತಿರುಗಿದ್ದು ಒಮ್ಮೆಲೇ ಹಿಡಿದ ಹುಚ್ಚಿನಿಂದ, ಕ್ಷಮಿಸಬಹುದಾದದ್ದೇ, ಆದರೆ ಸತ್ತವರ ಲೋಕಕ್ಕೆ ಕ್ಷಮೆ ಗೊತ್ತಿರಬೇಕಲ್ಲ. ಮಾತು ಕೊಡುವುದು ಯೂರಿಡಿಸಿಗೆ. ಐದೇ ಸಾಲಿನಲ್ಲಿ ಅವಳು ಇದೆಂಥ ಹುಚ್ಚು ನಮ್ಮಿಬ್ಬರನ್ನೂ ಹಾಳು ಮಾಡಿತು ಎಂದು ಕೇಳಿ, ಇನ್ನು ಅವನವಳಾಗಿ ಉಳಿಯದೆ, ಕೈಗಳನ್ನು ಅವನ ಕಡೆ ಚಾಚುತ್ತಾ ಕತ್ತಲೊಳಗೆ ಹೋಗುತ್ತಾಳೆ.

ಮೂವತ್ತೈದು ವರ್ಷಗಳ ಮೇಲೆ ರೋಮ್‌ನ ಇನ್ನೊಬ್ಬ ಕವಿ ಓವಿಡ್ ಇದೇ ಕಥೆಯನ್ನು 'ಮೆಟಮಾರ್ಫಸಿಸ್'ನಲ್ಲಿ ಹೇಳುವಾಗ ಎಲ್ಲವನ್ನೂ ತಲೆಕೆಳಗು ಮಾಡುತ್ತಾನೆ. ಜೇನು ಇಲ್ಲ, ಅರಿಸ್ಟೀಯಸ್ ಇಲ್ಲ. ಈಗ ಉದ್ದುದ್ದ ಮಾತಾಡುವವನು ಆರ್ಫಿಯಸ್, ಅದೂ ಥೇಟ್ ವಕೀಲನ ಹಾಗೆ: ನಾವೆಲ್ಲ ಕೊನೆಗೆ ಇಲ್ಲಿಗೇ ಬರುವವರು ತಾನೇ, ಅವಳನ್ನು ಸುಮ್ನೆ ಸಾಲವಾಗಿ ಕೊಡಿ ಸಾಕು! ಅದನ್ನು ಕೇಳಿ, ಸದಾ ಬಂಡೆ ಉರುಳಿಸುತ್ತಲೇ ಇರಬೇಕಾದ ಶಿಕ್ಷೆ ಪಡೆದ ಸಿಸಿಫಸ್ ಆ ಬಂಡೆಯ ಮೇಲೆಯೇ ಕೂತುಬಿಡುತ್ತಾನೆ. ಯೂರಿಡಿಸಿ ಗಾಯದ ಕಾಲಿನಿಂದ ನಿಧಾನವಾಗಿ ನಡೆದು ಬರುತ್ತಾಳೆ, ಈ ಒಂದು ವಿವರಕ್ಕೆ ಓವಿಡ್‌ನನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಅವಳ ಐದು ಸಾಲನ್ನು ಕಿತ್ತುಕೊಳ್ಳುತ್ತಾನೆ. ಅವಳು ದೂರಲಿಲ್ಲ, ತನ್ನನ್ನು ಪ್ರೀತಿಸಿದ ಎಂಬುದರ ಹೊರತು ದೂರುವುದಕ್ಕೆ ಏನಿತ್ತು ಅನ್ನುತ್ತಾನೆ. ಅವಳ ಪಾಲಿಗೆ ಉಳಿಯುವುದು ಒಂದೇ ಪದ, ಅದೂ ಅವನ ಕಿವಿಗೆ ಸರಿಯಾಗಿ ಬೀಳುವುದಿಲ್ಲ.

ನನ್ನ ಓಟು ವರ್ಜಿಲ್‌ಗೇ.

ಮುಂದಿನ ಸಾವಿರದೈನೂರು ವರ್ಷ ಕವಿಗಳು ಈ ಇಬ್ಬರ ನಡುವೆಯೇ ಓಡಾಡಿದರು. ತಪ್ಪಿಸಿಕೊಂಡವರೂ ಇದ್ದಾರೆ. 1330ರ ದಶಕದ ಒಂದು ಹಸ್ತಪ್ರತಿಯಲ್ಲಿರುವ 'ಸರ್ ಓರ್ಫಿಯೊ' ಎಂಬ ಇಂಗ್ಲಿಷ್ ಕಾವ್ಯದಲ್ಲಿ ಅವನು ಹಾರ್ಪ್ ಬಾರಿಸುವ ರಾಜ, ಅವಳನ್ನು ಹೊತ್ತೊಯ್ದವನು ಯಕ್ಷರ ದೊರೆ, ಷರತ್ತೇ ಇಲ್ಲ, ಇಬ್ಬರೂ ಸುಖವಾಗಿ ಮನೆಗೆ ಬರುತ್ತಾರೆ. 1600ರಲ್ಲಿ ಫ್ಲಾರೆನ್ಸ್‌ನಲ್ಲಿ ಹಾಡಿದ 'ಯೂರಿಡಿಚೆ' ಒಪೆರಾದಲ್ಲೂ ಹಾಗೇ. ಅದು ಮಾರಿಯಾ ಡಿ ಮೆಡಿಚಿ ಮತ್ತು ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿಯ ಮದುವೆಯ ಸಂಭ್ರಮಕ್ಕೆ ಆಡಿಸಿದ್ದು. ಮದುವೆಮನೆಯಲ್ಲಿ ಹೆಂಡತಿಯನ್ನು ಎರಡೆರಡು ಸಲ ಸಾಯಿಸೋಕಾಗುತ್ತಾ?

ಇಪ್ಪತ್ತನೇ ಶತಮಾನದಲ್ಲಿ ಕ್ಯಾಮೆರಾ ಹಿಂದಕ್ಕೆ, ಅವಳ ಕಡೆಗೆ ತಿರುಗಿತು. 1904ರಲ್ಲಿ ರಿಲ್ಕೆ ಬರೆದ ಜರ್ಮನ್ ಪದ್ಯದಲ್ಲಿ ಅವಳು ತನ್ನ ಸಾವಿನಿಂದಲೇ ತುಂಬಿಹೋಗಿದ್ದಾಳೆ, ಹಣ್ಣು ಸಿಹಿಯಿಂದ ತುಂಬಿದ ಹಾಗೆ. ಜೊತೆಗಿದ್ದ ದೇವದೂತ ಹರ್ಮೀಸ್ ಅವನು ತಿರುಗಿಬಿಟ್ಟ ಎಂದು ನೋವಿನಿಂದ ಹೇಳಿದರೆ, ಅವಳು ಮೆಲ್ಲಗೆ ಕೇಳುತ್ತಾಳೆ: ಯಾರು? 1917ರ ಹೊತ್ತಿಗೆ ಅಮೆರಿಕದ ಕವಯಿತ್ರಿ ಎಚ್.ಡಿ.ಯ ಯೂರಿಡಿಸಿ ಸಿಟ್ಟಿನಿಂದಲೇ ಶುರು ಮಾಡುತ್ತಾಳೆ, ನಿನ್ನ ಅಹಂಕಾರದಿಂದ ನನ್ನನ್ನು ಮತ್ತೆ ಇಲ್ಲಿಗೆ ತಳ್ಳಿದೆಯಲ್ಲ ಅಂತ. 1999ರಲ್ಲಿ ಬ್ರಿಟನ್ನಿನ ಕವಯಿತ್ರಿ ಕ್ಯಾರಲ್ ಆ್ಯನ್ ಡಫಿ ಇನ್ನೂ ಮುಂದೆ ಹೋದರು. ಅವರ ಯೂರಿಡಿಸಿಗೆ ವಾಪಸ್ ಬರುವುದೇ ಬೇಡ. ನಿನ್ನ ಪದ್ಯ ಬಹಳ ಚೆನ್ನಾಗಿದೆ, ಇನ್ನೊಮ್ಮೆ ಕೇಳಬೇಕು ಎಂದು ಹಿಂದಿನಿಂದ ಹೊಗಳುತ್ತಾಳೆ. ಕವಿ ತಾನೇ, ತಿರುಗದೆ ಇರುತ್ತಾನಾ!

ಇದನ್ನೆಲ್ಲ ಓದಿ ಓವಿಡ್‌ನ ಆ ಭಾಗವನ್ನು ಕನ್ನಡ ಪದ್ಯ ಮಾಡಲು ನಾನೂ ಕೂತಿದ್ದೆ. ಗಣ ಹೇಗೋ ಕೂತಿತು. ಸಿಕ್ಕಿಕೊಂಡಿದ್ದು ಯೂರಿಡಿಸಿಯ ಆ ಒಂದೇ ಪದದಲ್ಲಿ. ಲ್ಯಾಟಿನ್‌ನಲ್ಲಿ 'ವಾಲೆ', ಅಕ್ಷರಶಃ ಚೆನ್ನಾಗಿರು, ಬೀಳ್ಕೊಡುವಾಗ ಹೇಳುವ ಮಾತು. 'ವಿದಾಯ' ಅಂತ ಹಾಕಿದರೆ ನಿವೃತ್ತಿ ಸಮಾರಂಭದ ಬ್ಯಾನರ್ ಥರ ಕಾಣುತ್ತದೆ. 'ಹೋಗ್ತೀನಿ' ಅಂತ ನಮ್ಮಲ್ಲಿ ಯಾರೂ ಹೊಸಿಲು ದಾಟುವಾಗ ಹೇಳುವುದಿಲ್ಲ, ಅಂದರೆ ಮನೆಯವರು ಬೈತಾರೆ. ಮೂರು ದಿನ ಹೊಡೆದು ಹಾಕಿ, ಬರೆದು, ಕೊನೆಗೆ ಅವಳ ಬಾಯಲ್ಲಿ ನಾವೆಲ್ಲ ಹೇಳುವುದನ್ನೇ ಹೇಳಿಸಿದೆ: 'ಬರ್ತೀನಿ.'