ಸಿಪಾಯಿಯ ತಲೆಗಲ್ಲು ಎಲ್ಲ ಕಡೆ ಒಂದೇ ಥರ ಯಾಕಿಲ್ಲ?

ಶಹಾಬಾದ್ ಕಲ್ಲು ಹಾಸಿದ ಮನೆಯಲ್ಲಿ ಬೆಳೆದ ನಮ್ಮ ಕಲಬುರಗಿಯವರಿಗೆ ಇದು ಗೊತ್ತೇ ಇರುತ್ತದೆ. ನೆಲದ ತೇವದ ಜತೆ ಉಪ್ಪು ಮೇಲೇರಿದರೆ ಫರ್ಸಿಯ ಅಂಚಿನಲ್ಲಿ ಬಿಳಿ ಪುಡಿ ಕಾಣಿಸುತ್ತದೆ. ಎಷ್ಟು ಗುಡಿಸಿದರೂ ಮತ್ತೆ ಬರುತ್ತದೆ. ಕೆಲವು ವರ್ಷಕ್ಕೆ ಕಲ್ಲಿನ ಮೇಲ್ಪದರ ಹಪ್ಪಳದ ಹಾಗೆ ಏಳುತ್ತದೆ.

ಇರಾಕಿನ ಅಮಾರಾದಲ್ಲಿ ಇದೇ ಉಪ್ಪು ಮೊದಲ ಮಹಾಯುದ್ಧದ ಸೈನಿಕರ ತಲೆಗಲ್ಲುಗಳನ್ನು, ಅಂದರೆ ಸಮಾಧಿಯ ತಲೆ ಕಡೆ ನಿಲ್ಲಿಸುವ ಕಲ್ಲುಗಳನ್ನು, ತಿಂದುಹಾಕಿತು. ಅಲ್ಲಿರುವುದು 4,600ಕ್ಕೂ ಜಾಸ್ತಿ ಸಮಾಧಿ. 1933ರಲ್ಲಿ ಕಲ್ಲುಗಳನ್ನೆಲ್ಲ ಕಿತ್ತು, ಒಂದು ಉದ್ದ ಗೋಡೆ ಕಟ್ಟಿ, ಹೆಸರುಗಳನ್ನು ಅದರ ಮೇಲೆ ಕೆತ್ತಿದರು. ಹಾಗಾಗಿ ಅಲ್ಲಿ ಸಮಾಧಿಗಳಿವೆ, ತಲೆಗಲ್ಲುಗಳಿಲ್ಲ.

ಯುದ್ಧ ಸ್ಮಶಾನ ಅಂದರೆ ಒಂದೇ ಅಳತೆಯ ಬಿಳಿ ಕಲ್ಲುಗಳ ಸಾಲು ಕಣ್ಣ ಮುಂದೆ ಬರುತ್ತದೆ ಅಲ್ವಾ? ಆ ರೂಪ ಸುಮ್ನೆ ಬಂದದ್ದಲ್ಲ. 1917ರಲ್ಲಿ ಫೇಬಿಯನ್ ವೇರ್ ಅವರ ಪ್ರಯತ್ನದಿಂದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗ ಹುಟ್ಟಿತು. ಸ್ಮಶಾನಗಳು ಹೇಗಿರಬೇಕು ಎಂದು ಮರುವರ್ಷ ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕ ಫ್ರೆಡರಿಕ್ ಕೆನ್ಯನ್ ವರದಿ ಕೊಟ್ಟರು. ಜನರಲ್ ಆಗಲಿ, ಸಿಪಾಯಿ ಆಗಲಿ, ಕಲ್ಲು ಒಂದೇ ಇರಬೇಕು. ಎತ್ತರ 2 ಅಡಿ 8 ಅಂಗುಲ, ಅಗಲ 1 ಅಡಿ 3 ಅಂಗುಲ. ಮಳೆ ನೀರು ನಿಲ್ಲದ ಹಾಗೆ ತಲೆಭಾಗ ಸ್ವಲ್ಪ ಬಾಗಿರಬೇಕು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಮಗನ ಸಮಾಧಿಗೆ ಶಿಲುಬೆಯೇ ಬೇಕು ಎಂದು ಬ್ರಿಟನ್‌ನಲ್ಲಿ 8,000ಕ್ಕೂ ಹೆಚ್ಚು ಜನ ಸಹಿ ಹಾಕಿ ಮನವಿ ಕೊಟ್ಟರು. 1920ರ ಮೇ 4ರಂದು ಸಂಸತ್ತಿನಲ್ಲಿ ಚರ್ಚೆ ನಡೆದು ಆಯೋಗದ ಮಾತು ಉಳಿಯಿತು. ಮನೆಯವರಿಗೆ ಸಿಕ್ಕಿದ್ದು ಕಲ್ಲಿನ ಕೆಳಗೆ 66 ಅಕ್ಷರಗಳ ಜಾಗ. ಅದಕ್ಕೂ ಅಕ್ಷರಕ್ಕೆ ಮೂರೂವರೆ ಪೆನ್ಸ್ ಕೇಳಿದರು. ದುಡ್ಡಿದ್ದವರಿಗೊಂದು, ಇಲ್ಲದವರಿಗೊಂದು ಆಗುತ್ತದೆ ಎಂದು ನ್ಯೂಜಿಲೆಂಡ್ ತನ್ನ ಸೈನಿಕರ ಕಲ್ಲಿನ ಮೇಲೆ ಅಂಥ ಸಾಲುಗಳೇ ಬೇಡ ಎಂದಿತು. ಅದು ಸರಿಯಾದ ಮಾತು ಅನಿಸುತ್ತದೆ ನನಗೆ.

ನಿಯಮ ಕಾಗದದ ಮೇಲೆ ಒಂದೇ ಇತ್ತು, ನೆಲ ಒಂದೇ ಇರಲಿಲ್ಲ. ಟರ್ಕಿಯ ಗಲಿಪೊಲಿಯಲ್ಲಿ ಮಣ್ಣು ಸಡಿಲ, ನಿಂತ ಕಲ್ಲು ವಾಲುತ್ತದೆ. ಅಲ್ಲಿ ಮೊಣಕಾಲೆತ್ತರವೂ ಇಲ್ಲದ ಇಳಿಜಾರು ಮುಖದ ಗುಜ್ಜು ಕಲ್ಲು ಕೂರಿಸಿದರು. ನಾಗಾಲ್ಯಾಂಡಿನ ಕೊಹಿಮಾದಲ್ಲಿ, ಎರಡನೇ ಮಹಾಯುದ್ಧದ ಸ್ಮಶಾನದಲ್ಲಿ, ಗಿಡ್ಡ ಕಲ್ಲಿನ ಮೇಲೆ ಕಂಚಿನ ಫಲಕ ಕೂರಿಸಿದರು. ಅಲ್ಲಿ ದಹನವಾದ 917 ಹಿಂದೂ, ಸಿಖ್ ಸೈನಿಕರಿಗೆ ಸಮಾಧಿಯೇ ಇಲ್ಲವಲ್ಲ, ಹಾಗಾಗಿ ಅವರ ಹೆಸರು ಬೇರೆ ಸ್ಮಾರಕದ ಮೇಲಿದೆ.

ಧರ್ಮದಿಂದಲೂ ಕಲ್ಲು ಬದಲಾಯಿತು. ಭಾರತೀಯರ ಕಲ್ಲುಗಳ ಮೇಲೆ ಶಿಲುಬೆಯ ಜಾಗದಲ್ಲಿ ದೇವನಾಗರಿಯ ಓಂ, ಗುರುಮುಖಿಯ ಏಕ್ ಓಂಕಾರ್, ಅರಬ್ಬಿ ಬರಹ ಬಂದವು. ಫ್ರಾನ್ಸಿನ ನ್ವಾಯೆಲ್ ಸುರ್ ಮೇರ್‌ನಲ್ಲಿ ಚೀನೀ ಕೂಲಿ ದಳದವರ ಕಲ್ಲಿನ ಮೇಲೆ ಚೀನೀ ಅಕ್ಷರಗಳಿವೆ. ಫ್ರೆಂಚರು ತಮ್ಮ ಮುಸ್ಲಿಂ ಸೈನಿಕರಿಗೆ ಕಮಾನಿನ ಆಕಾರದ ಕಲ್ಲು ಮಾಡಿಸಿದರು.

ಇವೆಲ್ಲ ಗೌರವ ಕೊಡಲೆಂದೇ ಬಂದ ಬದಲಾವಣೆಗಳು. ಆದರೆ ಇನ್ನೊಂದು ಬದಲಾವಣೆ ಇದೆ. ಬಸ್ರಾದಲ್ಲಿ 1929ರಲ್ಲಿ ತೆರೆದ ಸ್ಮಾರಕ, ಸಮಾಧಿಯೇ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರದ್ದು. ಅಲ್ಲಿ ಅಧಿಕಾರಿಗಳ ಹೆಸರು ಕಲ್ಲಿನ ಮೇಲಿದೆ. ಭಾರತದ ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರಿನ ಕೆಳಗೆ ಒಂದು ಸಂಖ್ಯೆ, ಅಷ್ಟೇ. ಇಷ್ಟು ಜನ ಸತ್ತರು ಅಂತ. ಜನರಲ್‌ಗೂ ಸಿಪಾಯಿಗೂ ಒಂದೇ ಕಲ್ಲು ಎಂದ ಆಯೋಗವೇ ಹೀಗೆ ಮಾಡಿತು. ಆಫ್ರಿಕಾದಲ್ಲೂ ಇದೇ ನಡೆಯಿತು. ಕಡಿಮೆ ಎಂದರೂ 1,16,000 ಜನರಿಗೆ ಹೆಸರಿನ ನೆನಪೇ ಸಿಕ್ಕಿಲ್ಲ ಎಂದು 2021ರಲ್ಲಿ ಆಯೋಗದ ವರದಿಯೇ ಒಪ್ಪಿಕೊಂಡಿತು. ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು.

ಈ ಸಂಗತಿ ನಮಗೆ ದೂರದ್ದಲ್ಲ. ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮರ ಸಂಸ್ಥಾನದಲ್ಲಿದ್ದವು. ಹೈದರಾಬಾದ್ ಲ್ಯಾನ್ಸರ್ಸ್ ಕುದುರೆ ಪಡೆ ಮೈಸೂರು, ಜೋಧಪುರದವರ ಜತೆ ಪ್ಯಾಲೆಸ್ಟೀನ್‌ವರೆಗೆ ಹೋಗಿತ್ತು.

ಸತ್ತವರಿಗೆ ಕಲ್ಲು ನಿಲ್ಲಿಸುವುದು ನಮ್ಮ ನೆಲಕ್ಕೇನು ಹೊಸದಲ್ಲ. ವೀರಗಲ್ಲನ್ನು ಹತ್ತಿರ ಕೂತು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಸೇಡಂ ತಾಲ್ಲೂಕಿನ ಮಳಖೇಡ ರಾಜಧಾನಿಯಾಗಿದ್ದಾಗ, ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ 949ರಲ್ಲಿ ತಕ್ಕೋಲದಲ್ಲಿ ಚೋಳರ ವಿರುದ್ಧ ಕಾದಿದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಅವನ ಯೋಧ ಮಣಲೇರ, ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯ ಜತೆ ಹೋರಾಡಿ ಸತ್ತಿತು. ಅದಕ್ಕೆ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಎರಡೂ ಎದುರುಬದುರಾಗಿ ನಿಂತಿವೆ, ಸುತ್ತ ಕನ್ನಡದ ಬರಹ. ಕಾಳಿಯ ಹೆಸರು ಅದರಲ್ಲಿದೆ. ಈ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಊಟ ಮಾಡಿದರೆ ಪಾಪ ಎಂದೂ ಬರೆಸಿದ್ದಾರೆ.