ಕುದುರೆಯ ಮೂಗಿನ ಮಟ್ಟದಲ್ಲಿ

ಕಲಬುರಗಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವರೊಬ್ಬರ ಲಾಯಕ್ಕೆ ಚಳಿಗಾಲದ ಒಂದು ನಸುಕಿನಲ್ಲಿ ಹೋಗಿದ್ದೆ. ಕುದುರೆಗೆ ಥಂಡಿ ಹತ್ತಬಾರದೆಂದು ತಗಡಿನ ಬಾಗಿಲು ಮುಚ್ಚಿ, ಕಿಂಡಿಗೆ ಗೋಣಿಚೀಲ ತುರುಕಿದ್ದರು. ನಿಂತಿರುವಷ್ಟು ಹೊತ್ತು ನನಗೇನೂ ಅನಿಸಲಿಲ್ಲ. ಕೈಜಾರಿದ ಪೆನ್ನು ಎತ್ತಿಕೊಳ್ಳಲು ಬಗ್ಗಿದೆ. ಕಣ್ಣುರಿದು ನೀರು ಬಂತು.

ಆ ಉರಿ ಅಮೋನಿಯದ್ದು. ಮೂತ್ರದಲ್ಲಿರುವ ಯೂರಿಯಾವನ್ನು ಲದ್ದಿಯ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದಾಗ ಹುಟ್ಟುವ ಅನಿಲ ಅದು. ಗಾಳಿಗಿಂತ ಹಗುರವೇನೋ ಹೌದು. ಆದರೆ ಹುಟ್ಟುವುದು ನೆಲದಲ್ಲಿ. ಗಾಳಿಯಾಡದಿದ್ದರೆ ಅಲ್ಲೇ ದಟ್ಟವಾಗುತ್ತದೆ. ಅವರ ಲಾಯಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಅದು ಮೂತ್ರವನ್ನು ಹೀರುವುದಿಲ್ಲ. ಇಳಿಜಾರೂ ಇರಲಿಲ್ಲವಾಗಿ ಸಂದುಗಳಲ್ಲಿ ನಿಂತಿತ್ತು.

ಕುದುರೆ ನಿಂತೇ ತೂಕಡಿಸಬಲ್ಲದು. ಕನಸು ಬೀಳುವಂಥ ನಿದ್ದೆಗೆ ಮಾತ್ರ ಮಲಗಲೇಬೇಕು, ಅಂದರೆ ಮೂಗನ್ನು ಆ ಉರಿಯ ಹತ್ತಿರವೇ ಇಡಬೇಕು. ನಮಗೆ ಮೂಗು ಕಟ್ಟಿದರೆ ಬಾಯಿ ತೆರೆಯುತ್ತೇವೆ. ಕುದುರೆಗೆ ಆ ಅನುಕೂಲವಿಲ್ಲ. ಅದರ ಗಂಟಲಿನ ರಚನೆ ಬಾಯಿಂದ ಉಸಿರಾಡಲು ಬಿಡುವುದಿಲ್ಲ. ಒಣಮೇವಿನ ದೂಳು, ಬೂಷ್ಟಿನ ಬೀಜಕಣಗಳೂ ಅದೇ ದಾರಿಯಲ್ಲಿ ಇಳಿದು ಕೆಮ್ಮು, ಮುಂದೆ ಅಸ್ತಮಾ ತರುತ್ತವೆ. ತಲೆ ಬಗ್ಗಿಸಿದಾಗ ಶ್ವಾಸನಾಳದ ಕಫ ಸುಲಭವಾಗಿ ಹೊರಬರುತ್ತದೆ. ಹಗ್ಗ ಗಿಡ್ಡ ಮಾಡಿ ತಲೆಯೆತ್ತಿ ಕಟ್ಟಿದರೆ ಅದಕ್ಕೂ ಕಲ್ಲು ಬಿತ್ತು. ಇದು ನನಗೆ ಬಹಳ ನೋವು ಕೊಡುವ ರೂಢಿ.

ಮೇವಿನ ವಿಷಯದಲ್ಲಿ ಅವರದು ಧಾರಾಳ ಕೈ. ನಮ್ಮ ಸೀಮೆಗೆ ಅದು ಹೊಸದಲ್ಲ: 15ನೇ ಶತಮಾನದಲ್ಲಿ ಮಾರಲೆಂದು ಕುದುರೆಯೊಂದನ್ನು ಹಡಗಿನಲ್ಲಿ ತಂದು ಬಹಮನಿಗಳ ಬೀದರಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಈ ನಾಡಿನಲ್ಲಿ ಕುದುರೆಗೆ ಸಕ್ಕರೆ ಹಾಕಿ ಬೇಯಿಸಿದ ಖಿಚಡಿ ತಿನ್ನಿಸುತ್ತಾರೆಂದು ಬರೆದಿದ್ದಾನೆ. ಹೊಟ್ಟೆಯ ಮೇಲಿರುವ ಈ ಅಕ್ಕರೆ ಶ್ವಾಸಕೋಶಕ್ಕೂ ಸಿಗಬೇಕು.

“ಕಿಂಡಿ ತೆರೆದರೆ ಥಂಡಿಗೆ ಏನು ಮಾಡಲಿ, ಸರ್?” ಎಂದು ಅವರು ಕೇಳಿದರು. ಮೈ ಒಣಗಿದ್ದು, ಹೊಟ್ಟೆತುಂಬ ಮೇವಿದ್ದರೆ ಬೆಳೆದ ಕುದುರೆ 5 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ಆರಾಮವಾಗಿ ತಡೆಯುತ್ತದೆ. ಕಲಬುರಗಿಯಲ್ಲಿ ಅದನ್ನು ಬಳಲಿಸುವುದು 40 ಡಿಗ್ರಿ ದಾಟುವ ಮೇ ತಿಂಗಳು, ತಲೆಯ ಮೇಲಿನ ತಗಡು. ಸೂರಿನ ನೆತ್ತಿಯಲ್ಲಿ ಉದ್ದಕ್ಕೆ ಸಂದು ಬಿಟ್ಟು, ಕೆಳಗೆ ಎದುರುಬದುರು ಕಿಂಡಿ ಇಟ್ಟರೆ ಬಿಸಿಗಾಳಿ ಮೇಲೇರಿ ಹೋಗುತ್ತದೆ, ಹೊಸ ಗಾಳಿ ತಾನಾಗಿ ಒಳಬರುತ್ತದೆ.

ಅವರು ನಂಬಿದಂತೆ ಕಾಣಲಿಲ್ಲ. ಒಮ್ಮೆ ಮೊಣಕಾಲೂರಿ ಕುಳಿತು ಉಸಿರೆಳೆದು ನೋಡಿ ಎಂದೆ. ಕುಳಿತರು, ಕೆಮ್ಮಿದರು, ಎದ್ದು ಗೋಣಿಚೀಲ ಕಿತ್ತರು.