ಪದ ಪರಿಚಯ: ಕ್ರೀಡೆಯಲ್ಲಿ ಲೈಂಗಿಕ ಕಿರುಕುಳ

ಕೋಚ್, ತಂಡದ ಡಾಕ್ಟರ್, ಮ್ಯಾನೇಜರ್, ಪದಾಧಿಕಾರಿ, ಸಹ ಆಟಗಾರ. ಇವರಲ್ಲಿ ಯಾರೇ ಆಗಲಿ, ಆಟಗಾರ್ತಿಗೆ ಬೇಡವಾದ ಲೈಂಗಿಕ ಮಾತು ಆಡಿದರೆ, ಮೆಸೇಜ್ ಕಳಿಸಿದರೆ, ಮೈ ಮುಟ್ಟಿದರೆ ಅದು ಲೈಂಗಿಕ ಕಿರುಕುಳ. 'ಸುಮ್ನೆ ತಮಾಷೆಗೆ ಅಂದೆ' ಎನ್ನುವುದು ನೆಪವಾಗುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2007ರಲ್ಲಿ ಕೊಟ್ಟ ವಿವರಣೆಯಲ್ಲೂ, ಬೇಕೆಂದೇ ಮಾಡಿದರೋ ಇಲ್ಲವೋ ಎನ್ನುವುದು ಲೆಕ್ಕಕ್ಕಿಲ್ಲ. ಅಧಿಕಾರ ಮತ್ತು ನಂಬಿಕೆಯ ದುರ್ಬಳಕೆ ಆಯಿತೇ ಎನ್ನುವುದೇ ಮುಖ್ಯ.

ಅಧಿಕಾರದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಂಡಕ್ಕೆ ಯಾರು, ಬೆಂಚಿಗೆ ಯಾರು ಅಂತ ಹೇಳುವವರು ಕೋಚ್. ಗಾಯ ವಾಸಿಯಾಯಿತು ಅಂತ ಬರೆದುಕೊಡುವವರು ಡಾಕ್ಟರ್. ಹುಡುಗಿ ಹತ್ತು ವರ್ಷ ಬೆವರು ಸುರಿಸಿದ್ದೂ ಅವರ ಒಂದು ಮಾತಿನ ಮೇಲೆ ನಿಂತಿರುತ್ತದೆ. ಅಂಥವರೆದುರು ಅವಳು ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಅಂತ ಅರ್ಥವಲ್ಲ. ಇದೊಂದು ಅರ್ಥವಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಆಟದಲ್ಲಿ ಮುಟ್ಟದೆ ಕಲಿಸೋಕಾಗಲ್ಲ ಅಲ್ವಾ ಅಂತ ಕೆಲವರು ಕೇಳುತ್ತಾರೆ. ನಿಜ. ಜಿಮ್ನಾಸ್ಟಿಕ್ಸ್, ಕುಸ್ತಿ, ಈಜು ಎಲ್ಲದರಲ್ಲೂ ಕೈ ಹಿಡಿದು ತಿದ್ದಬೇಕಾಗುತ್ತದೆ. ಒಳ್ಳೆಯ ಕೋಚ್ 'ಭುಜ ಹಿಡಿದು ಸರಿ ಮಾಡ್ತೀನಿ, ಆಗಬಹುದಾ?' ಅಂತ ಮೊದಲೇ ಕೇಳುತ್ತಾರೆ. ಎಲ್ಲರ ಎದುರೇ ತಿದ್ದುತ್ತಾರೆ. ಬೇಡ ಅಂದರೆ ಕೈ ತೆಗೆಯುತ್ತಾರೆ. ಆಯ್ಕೆಯ ಬಗ್ಗೆ ಮಾತಾಡೋಣ ಅಂತ ರಾತ್ರಿ ಹೋಟೆಲ್ ರೂಮಿಗೆ ಒಬ್ಬಳನ್ನೇ ಕರೆಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಲ್ಲೇ ಹುಡುಗಿಯರ ಮೇಲೆ ದೌರ್ಜನ್ಯ ನಡೆಸಿದ. ಕೆಲವು ಸಲ ತಂದೆ ತಾಯಿ ಅದೇ ಕೋಣೆಯಲ್ಲಿದ್ದರು. ಅವರಿಗೆ ಕಾಣದಂತೆ ಅಡ್ಡ ನಿಲ್ಲುತ್ತಿದ್ದ. 2018ರ ಜನವರಿಯಲ್ಲಿ 150ಕ್ಕೂ ಜಾಸ್ತಿ ಮಹಿಳೆಯರು ಕೋರ್ಟಿನಲ್ಲಿ ತಮ್ಮ ನೋವು ಹೇಳಿಕೊಂಡರು. ಅವರಲ್ಲಿ ಕೆಲವರು ವರ್ಷಗಳ ಹಿಂದೆಯೇ ದೊಡ್ಡವರ ಕಿವಿಗೆ ಹಾಕಿದ್ದರು, ಯಾರೂ ನಂಬಿರಲಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ.

ಇದೆಲ್ಲ ಮುಚ್ಚಿದ ಬಾಗಿಲ ಹಿಂದೆಯೇ ಆಗಬೇಕೆಂದಿಲ್ಲ. 2023ರಲ್ಲಿ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಗೆದ್ದ ಸ್ಪೇನ್ ತಂಡದ ಜೆನ್ನಿ ಎರ್ಮೊಸೊ ಅವರ ತುಟಿಗೆ ಫೆಡರೇಶನ್ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ ಪದಕ ಕೊಡುವ ವೇದಿಕೆಯಲ್ಲೇ ಮುತ್ತಿಟ್ಟರು. ಒಪ್ಪಿಗೆ ಇತ್ತು ಎಂದರು ಅವರು. ಇರಲಿಲ್ಲ ಎಂದರು ಜೆನ್ನಿ. 2025ರಲ್ಲಿ ಕೋರ್ಟ್ ಇದನ್ನು ಲೈಂಗಿಕ ದೌರ್ಜನ್ಯ ಎಂದು ತೀರ್ಪು ಕೊಟ್ಟು 10,800 ಯೂರೋ ದಂಡ ಹಾಕಿತು.

ದೂರು ತಡವಾಗಿ ಬರುವುದಕ್ಕೂ ಕಾರಣ ಇದೆ. ತಂಡವನ್ನು ಆರಿಸುವ ಸಂಸ್ಥೆಗೇ ದೂರು ಕೊಡಬೇಕು ಎಂದಾದರೆ ಬಾಯಿ ತೆರೆಯುವವರು ಯಾರು? ಅದಕ್ಕೇ ದೂರು ಕೇಳುವವರು ಆಯ್ಕೆಯಲ್ಲಿ ಕೈಯಾಡಿಸುವವರಾಗಿರಬಾರದು.